ಕರಿಯನ ಮನೆಗೆ ಚುಕ್ಕಿ: ಮೂರು ವಾರದ ದಿನಚರಿ

ತರುವ ಮೊದಲು

ನಮ್ಮ ನಾಯಿ ಕರಿಯನಿಗೆ 9 ವರ್ಷ. ಹಿಂಗಾಲಿನ ಕೀಲು ನೋವು ಬೇರೆ. ಹೊಸದಾಗಿ ತರಲಿದ್ದ ಹೆಣ್ಣುಮರಿ ಚುಕ್ಕಿಗೆ 8 ವಾರ. ಅವಳು ಮಲಗುತ್ತಿದ್ದ ಬಟ್ಟೆಯ ತುಂಡೊಂದನ್ನು ಮೂರು ದಿನ ಮೊದಲೇ ತಂದು ನಡುಮನೆಯ ಮೂಲೆಯಲ್ಲಿ ಹಾಕಿದ್ದೆ. ಕರಿಯ ಮೂಸಿದ, ಇನ್ನೊಮ್ಮೆ ಮೂಸಿದ, ಮುಖ ತಿರುಗಿಸಿ ಹೋದ. ಅಷ್ಟು ಸಾಕಿತ್ತು.

ದಿನ 1

ಮೊದಲ ಭೇಟಿ ಮನೆಯ ಹೊರಗೇ ಆಗಲಿ ಅಂತ ಮಾಡಿಕೊಂಡಿದ್ದೆ. ಮನೆ ಕರಿಯನದು, ಅಲ್ವಾ? ಆದರೆ ಮರಿಗೆ ಲಸಿಕೆ ಪೂರ್ತಿ ಆಗಿಲ್ಲ. ಪಾರ್ವೊ, ಡಿಸ್ಟೆಂಪರ್ ಅನ್ನುವ, ಮರಿಗಳ ಜೀವ ತೆಗೆಯಬಲ್ಲ ಅಂಟುರೋಗಗಳ ಲಸಿಕೆ 6-8 ವಾರಕ್ಕೆ ಶುರುವಾಗಿ, ಮೂರ್ನಾಲ್ಕು ವಾರಕ್ಕೊಂದರಂತೆ 16 ವಾರದವರೆಗೂ ನಡೆಯುತ್ತದೆ. ಹತ್ತು ನಾಯಿ ಓಡಾಡುವ ಜಾಗದಲ್ಲಿ ಅವಳನ್ನು ನೆಲಕ್ಕೆ ಬಿಡುವ ಹಾಗಿಲ್ಲ. ಕೊನೆಗೆ ನಾಯಿಯೇ ಇಲ್ಲದ ಗೆಳೆಯರ ಮನೆಯ ಅಂಗಳ ಸಿಕ್ಕಿತು.

ಲೀಶ್ ಸಡಿಲ ಬಿಟ್ಟೆ. ಕರಿಯ ಹಿಂದಿನಿಂದ ಬಂದು ಮೂಸಿದ. ಚುಕ್ಕಿ ಅಂಗಾತ ಬಿದ್ದು ಹೊಟ್ಟೆ ತೋರಿಸಿದಳು, ಜೊತೆಗೆ ಎರಡು ಹನಿ ಉಚ್ಚೆ. ನಾಯಿಗಳಲ್ಲಿ ಅದು ದೊಡ್ಡವರಿಗೆ ಕೈಮುಗಿದ ಹಾಗೆ. ಆಮೇಲೆ ಇಬ್ಬರನ್ನೂ ಒಟ್ಟಿಗೆ ಮನೆಗೆ ಕರೆತಂದೆವು.

ದಿನ 2, 3

ಊಟದ ಬಟ್ಟಲು ಬೇರೆ ಬೇರೆ ಕೋಣೆಯಲ್ಲಿ. ತಕರಾರಿಲ್ಲ. ನೆಲ ಒರೆಸುವ ಬಟ್ಟೆ ಮಾತ್ರ ಒಣಗಲೇ ಇಲ್ಲ.

ದಿನ 4

ಇಲ್ಲಿ ನಾನು ಎಡವಿದೆ. ಕರಿಯ ತನ್ನ ಚಾಪೆಯ ಮೇಲೆ ಮಲಗಿದ್ದ. ಚುಕ್ಕಿ ಅವನ ಕಿವಿ ಹಿಡಿದು ಜಗ್ಗಿದಳು. 28 ಹಾಲುಹಲ್ಲು, ಒಂದೊಂದೂ ಸೂಜಿ. ಕರಿಯ ಗುರ್ ಎಂದ. ‘ಏಯ್ ಕರಿಯಾ, ಪಾಪ ಮರಿ ಕಣೋ!’ ಅಂತ ನಾನು ಗದರಿದೆ. ಅವನು ಎದ್ದು ಮಂಚದ ಕೆಳಗೆ ಹೋಗಿ ಕುಳಿತ.

ದಿನ 5

ಅದೇ ಚಾಪೆ, ಅದೇ ಕಿವಿ. ಈ ಸಲ ಗುರ್ ಇಲ್ಲ, ನೇರವಾಗಿ ‘ಟಕ್’ ಅಂತ ಹಲ್ಲು ಗಾಳಿಯಲ್ಲಿ ಕೂಡಿತು. ಚುಕ್ಕಿಗೆ ತಾಗಲಿಲ್ಲ, ಆದರೂ ಊರಿಗೇ ಕೇಳುವಂತೆ ಕಿರುಚಿದಳು.

ತಪ್ಪು ಕರಿಯನದಲ್ಲ. ಗುರ್ ಅನ್ನುವುದು ‘ಸಾಕು ಮಾಡು’ ಅನ್ನುವ ಮಾತು. ಆ ಮಾತಿಗೆ ಬೈದರೆ ನಾಯಿ ಸಿಟ್ಟು ಬಿಡುವುದಿಲ್ಲ, ಮುನ್ಸೂಚನೆ ಕೊಡುವುದನ್ನು ಬಿಡುತ್ತದೆ. ನೆನಪಿಸಿಕೊಂಡರೆ ಗುರ್‌ಗೂ ಮೊದಲು ಅವನು ಮುಖ ತಿರುಗಿಸಿದ್ದ, ತುಟಿ ನೆಕ್ಕಿದ್ದ, ನಿದ್ದೆಯಿಲ್ಲದೆಯೂ ಆಕಳಿಸಿದ್ದ. ನಾನು ಫೋಟೊ ತೆಗೆಯುವುದರಲ್ಲಿದ್ದೆ.

ಅವತ್ತೇ ಸಂಜೆ, ಚಿಕ್ಕ ಮಕ್ಕಳು ದಾಟದಂತೆ ಬಾಗಿಲಿಗೆ ಹಾಕುವ ಅಡ್ಡಗೇಟ್ ತಂದು ಕೋಣೆಗೆ ಕೂರಿಸಿದೆ. ಚಾಪೆ ಒಳಗೆ, ಕರಿಯ ಒಳಗೆ, ಚುಕ್ಕಿ ಹೊರಗೆ.

ದಿನ 6ರಿಂದ 12

ನನ್ನ ಕೆಲಸ ಮರಿಯನ್ನು ಕಾಯುವುದು ಅಂದುಕೊಂಡಿದ್ದೆ. ನಿಜವಾಗಿ ಕಾಯಬೇಕಾದದ್ದು ಕರಿಯನ ನಿದ್ದೆ. ಈಗ ಇಬ್ಬರ ಭೇಟಿ ಒಂದು ಸಲಕ್ಕೆ ಐದು, ಜಾಸ್ತಿ ಅಂದರೆ ಹತ್ತು ನಿಮಿಷ. ಕರಿಯ ಮುಖ ತಿರುಗಿಸಿದರೆ ಚುಕ್ಕಿಯನ್ನು ಸುಮ್ನೆ ಎತ್ತಿಕೊಂಡು ಹೋಗಿ ಅಗಿಯುವ ಆಟಿಕೆ ಕೊಡುತ್ತೇನೆ.

ಇನ್ನೊಂದು ವಿಷಯ ಗೊತ್ತಾಯಿತು. ಸಂಜೆ ಚುಕ್ಕಿ ಹುಚ್ಚೆದ್ದು ಕಚ್ಚುವುದು ಶಕ್ತಿ ಉಕ್ಕಿ ಅಲ್ಲ, ನಿದ್ದೆಗೆಟ್ಟು. ಈ ವಯಸ್ಸಿಗೆ ದಿನಕ್ಕೆ 18-20 ಗಂಟೆ ನಿದ್ದೆ ಬೇಕಂತೆ. ನಾವೋ, ಬಂದವರಿಗೆಲ್ಲ ಎಬ್ಬಿಸಿ ತೋರಿಸುತ್ತಿದ್ದೆವು.

ದಿನ 16

ಕರಿಯನೇ ಗೇಟಿನ ಹತ್ತಿರ ಬಂದು ನಿಂತ. ತೆಗೆದೆ. ಮುಂಗಾಲು ನೆಲಕ್ಕೆ ಚಾಚಿ, ಹಿಂಭಾಗ ಮೇಲೆತ್ತಿ ಆಟಕ್ಕೆ ಕರೆದ. ಹಿಂಗಾಲು ಸ್ವಲ್ಪ ನಡುಗುತ್ತಿತ್ತು. ಎರಡು ವರ್ಷದಿಂದ ಅವನು ಹಾಗೆ ಬಗ್ಗಿದ್ದನ್ನು ನಾನು ನೋಡಿರಲಿಲ್ಲ. ಆಟ ನಡೆದದ್ದು ಒಂದು ನಿಮಿಷ ಇರಬಹುದು. ಮಲಗಿಕೊಂಡೇ ಬಾಯಿ ತೆರೆದು ಅವಳ ಜೊತೆ ಹಲ್ಲಾಟ ಆಡಿದ. ಅವಳು ಜೋರಾಗಿ ಕಚ್ಚಿದಾಗ ಗುರ್ ಎಂದ. ನಾನು ಬಾಯಿ ಮುಚ್ಚಿಕೊಂಡಿದ್ದೆ. ಚುಕ್ಕಿ ಒಂದು ಹೆಜ್ಜೆ ಹಿಂದೆ ಸರಿದು ಕುಳಿತಳು.

ದಿನ 21

ಕರಿಯ ನೀರು ಕುಡಿದು ಬರುವಷ್ಟರಲ್ಲಿ ಚುಕ್ಕಿ ಚಾಪೆಯ ಮೇಲೆ ಅರ್ಧ ಜಾಗ ಹಿಡಿದು ಮಲಗಿದ್ದಳು. ಅವನು ನಿಂತು ನನ್ನ ಮುಖ ನೋಡಿದ. ಎತ್ತಿ ಆಚೆ ಇಟ್ಟೆ. ಚಾಪೆ ಅವನದೇ, ಅದರಲ್ಲಿ ರಾಜಿ ಇಲ್ಲ.

ಗೇಟ್ ಇನ್ನೂ ತೆಗೆದಿಲ್ಲ. ನಾವು ಹೊರಗೆ ಹೋದಾಗ ಇಬ್ಬರೂ ಬೇರೆ ಬೇರೆ ಕಡೆ. ಮುಂದಿನ ವಾರ ಚುಕ್ಕಿಗೆ ಎರಡನೇ ಲಸಿಕೆ, ಕರಿಯನ ಕಾಲನ್ನೂ ಅವತ್ತೇ ತೋರಿಸಿಕೊಂಡು ಬರಬೇಕು.