ಇಲವಾಲದಿಂದ ಮಡಿಕೇರಿಗೆ

ಮಡಿಕೇರಿಯ ಬಸ್ಸು ಮೈಸೂರು ಬಿಟ್ಟು ಇಲವಾಲ ದಾಟುವಾಗ ನಾನು ಕಿಟಕಿಯ ಕಡೆಗೆ ತಿರುಗಿ ಕುಳಿತೆ. ಸಮೀಪದ ರತ್ನಹಳ್ಳಿಯಲ್ಲಿ ಯುರೇನಿಯಂ ಸಂವರ್ಧಿಸುವ ಸರ್ಕಾರಿ ಘಟಕವಿದೆ. ಗಣಿಯಿಂದ ಬರುವ ಯುರೇನಿಯಂನಲ್ಲಿ ಸುಲಭವಾಗಿ ಒಡೆಯುವ ಯುರೇನಿಯಂ-235ರ ಪಾಲು ಶೇ. 0.7 ಮಾತ್ರ, ಅದನ್ನು ಶೇ. 3ರಿಂದ 5ಕ್ಕೆ ಏರಿಸಿದರೆ ವಿದ್ಯುತ್ ಸ್ಥಾವರಕ್ಕಾಗುತ್ತದೆ, ಶೇ. 90ರ ಆಸುಪಾಸಿಗೆ ಏರಿಸಿದರೆ ಬಾಂಬಿಗಾಗುತ್ತದೆ, ಏರಿಸುವ ಯಂತ್ರ ಮಾತ್ರ ಒಂದೇ ಬಗೆಯದು.

ಕುಶಾಲನಗರ, ಸುಂಟಿಕೊಪ್ಪ ದಾಟಿ ಮಡಿಕೇರಿ ತಲುಪಿದವನು ನೇರವಾಗಿ ಜನರಲ್ ತಿಮ್ಮಯ್ಯನವರ 'ಸನ್ನಿಸೈಡ್' ಮನೆಗೆ ಹೋದೆ. 1953ರ ಕೊನೆಗೆ ಅವರು ಕೊರಿಯಾದಲ್ಲಿ ಯುದ್ಧಕೈದಿಗಳನ್ನು ಮರಳಿಸುವ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿದ್ದರು. ಅದೇ ಡಿಸೆಂಬರ್ 8ರಂದು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ವಿಶ್ವಸಂಸ್ಥೆಯಲ್ಲಿ ನಿಂತು, ಅಣುವನ್ನು ಶಾಂತಿಗೆ ಬಳಸೋಣವೆಂದು ಕರೆಕೊಟ್ಟರು. ಆ ಕಾಲದ ಉತ್ಸಾಹದಲ್ಲಿಯೇ ಕೆನಡಾ ಕೊಟ್ಟ ರಿಯಾಕ್ಟರ್, ಅಮೆರಿಕ ಕೊಟ್ಟ ಭಾರಜಲ (ರಿಯಾಕ್ಟರಿನಲ್ಲಿ ನ್ಯೂಟ್ರಾನ್‌ಗಳ ವೇಗ ತಗ್ಗಿಸುವ ವಿಶೇಷ ನೀರು) ಸೇರಿ ಮುಂಬೈಯ ಟ್ರಾಂಬೆಯಲ್ಲಿ 1960ರಲ್ಲಿ 'ಸೈರಸ್' ಚಾಲೂ ಆಯಿತು. 1974ರ ಮೇ 18ರಂದು ಪೋಖ್ರಾನ್‌ನ ಅಣುಪರೀಕ್ಷೆಯಲ್ಲಿ ಸಿಡಿದದ್ದು ಸೈರಸ್‌ನೊಳಗೆ ಯುರೇನಿಯಂ ಇಂಧನದಿಂದ ಹುಟ್ಟಿದ ಪ್ಲುಟೋನಿಯಂ. ತಿಮ್ಮಯ್ಯನವರು ಅದನ್ನು ಕಾಣಲಿಲ್ಲ, 1965ರಲ್ಲಿಯೇ ತೀರಿಕೊಂಡಿದ್ದರು.

ಅಂದು ರಾತ್ರಿ ಉಳಿದದ್ದು ಪರಿಚಯದ ನಿವೃತ್ತ ಸುಬೇದಾರರ ಮನೆಯಲ್ಲಿ. ಕಡಂಬುಟ್ಟು ತಟ್ಟೆಗೆ ಬೀಳುವ ಹೊತ್ತಿಗೆ ಗಾಳಿಮಳೆಗೆ ಕರೆಂಟು ಹೋಯಿತು. ಅವರು ಮೇಣದಬತ್ತಿ ಹಚ್ಚಿ, ತೊಟ್ಟಿಕ್ಕಿದ ಮೇಣವನ್ನು ಉಗುರಿನಿಂದ ಕೆರೆಯುತ್ತ ಕೇಳಿದರು: "ಕೈಗಾದ ಕರೆಂಟಿಗೂ ಬಾಂಬಿಗೂ ಏನು ಸಂಬಂಧ, ಹೇಳಿ ನೋಡುವ."

ಇಂಧನ ರಿಯಾಕ್ಟರಿನೊಳಗೆ ಎಷ್ಟು ಕಾಲ ಉರಿಯಿತೆಂಬುದೇ ಮುಖ್ಯ ಎಂದೆ. ಬೇಗ ಹೊರತೆಗೆದರೆ ಬಾಂಬಿಗೆ ಒಪ್ಪುವ ಪ್ಲುಟೋನಿಯಂ-239 ಹೆಚ್ಚು ಶುದ್ಧವಾಗಿ ಸಿಗುತ್ತದೆ. ವಿದ್ಯುತ್ತಿಗಾಗಿ ದೀರ್ಘಕಾಲ ಉರಿಸಿದರೆ ಪ್ಲುಟೋನಿಯಂ-240 ಬೆರೆತು ಬಾಂಬಿನ ಕೆಲಸ ಕಷ್ಟವಾಗುತ್ತದೆ. ಕೈಗಾದಂತಹ ಭಾರಜಲ ಸ್ಥಾವರದಲ್ಲಿ ಯಂತ್ರ ನಿಲ್ಲಿಸದೆಯೇ ಇಂಧನ ಬದಲಿಸಬಹುದಾದ್ದರಿಂದ ಬೇಗ ತೆಗೆಯಲು ತಾಂತ್ರಿಕ ಅಡ್ಡಿಯಿಲ್ಲ. ಹಾಗೆ ತೆಗೆಯುತ್ತಾರೆಂದು ನಾನು ಹೇಳಲಿಲ್ಲ.

"ಹಾಗಾದರೆ ನೋಡಿಕೊಳ್ಳುವವರು ಯಾರು?" ಎಂದರು. ಸೈನ್ಯದಲ್ಲಿ ಕಾವಲು ಕಾದವರ ಪ್ರಶ್ನೆ ಅದು. 2006ರಲ್ಲಿ ಭಾರತ ತನ್ನ 22 ವಿದ್ಯುತ್ ರಿಯಾಕ್ಟರ್‌ಗಳಲ್ಲಿ 14ನ್ನು ಅಂತರರಾಷ್ಟ್ರೀಯ ತಪಾಸಣೆಗೆ ಒಪ್ಪಿಸಲು ನಿರ್ಧರಿಸಿತು. ಕೈಗಾದ ತಲಾ 220 ಮೆಗಾವ್ಯಾಟಿನ ನಾಲ್ಕೂ ಘಟಕಗಳು ಆ ಪಟ್ಟಿಯಿಂದ ಹೊರಗುಳಿದವು. ಮನೆಮನೆಗೆ ದೀಪ ಕೊಡುವ ಸ್ಥಾವರದ ಇಂಧನದ ಲೆಕ್ಕ ಪರಿಶೀಲನೆಗೆ ತೆರೆದಿರಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಅದನ್ನು ಅವರಿಗೂ ಹೇಳಿದೆ. ದೇಶಕ್ಕೆ ಬಾಂಬು ಬೇಕೇ ಬೇಕು ಎಂದ ಸುಬೇದಾರರು, "ಆದರೆ ಅದರ ಉಗ್ರಾಣ ಬೇರೆ, ಇದರ ಉಗ್ರಾಣ ಬೇರೆ ಇರಬೇಕು" ಎನ್ನುತ್ತ ಇನ್ನೊಂದು ಕಡಂಬುಟ್ಟು ಬಡಿಸಿದರು. ಕರೆಂಟು ಬೆಳಗಿನವರೆಗೂ ಬರಲಿಲ್ಲ.