ರೇಟ್ ಬಿಟ್ಟು ಬೇರೇನೂ ಕೇಳಿರಲಿಲ್ಲ

ಕಂಪನಿಯ ಪರ್ಚೇಸ್ (ಖರೀದಿ) ವಿಭಾಗಕ್ಕೆ ಸೇರಿದ ಹೊಸದರಲ್ಲಿ ಸಪ್ಲೈಯರ್‌ಗಳ ಜೊತೆ ನನ್ನ ಮಾತು ಒಂದೇ: ‘ರೇಟ್ ಇನ್ನೆಷ್ಟು ಇಳಿಸ್ತೀರಿ?’ ಮೂರು ಕೊಟೇಶನ್ ತರಿಸುವುದು, ಒಬ್ಬರ ದರ ತೋರಿಸಿ ಇನ್ನೊಬ್ಬರದ್ದು ಇಳಿಸುವುದು. ಕೆಲಸ ಅಂದರೆ ಇಷ್ಟೇ ಅಂದುಕೊಂಡಿದ್ದೆ.

ಒಮ್ಮೆ ಶಾಫ್ಟ್ (ಯಂತ್ರದಲ್ಲಿ ತಿರುಗುವ ದಂಡ) ಮಾಡಿಕೊಡುವವರು ಮೂರು ವಾರ ಸತತವಾಗಿ ಮಾಲು ತಡ ಮಾಡಿದರು. ಜೋರು ಮಾಡೋಣ ಅಂತಲೇ ಅವರ ಕಾರ್ಖಾನೆಗೆ ಹೋದೆ. ಲೇಥ್ ಮೇಲೆ ಕಡೆಯುವ ಕೆಲಸ ಯಾವಾಗಲೋ ಮುಗಿದಿತ್ತು. ಉಜ್ಜಿ ನಿಖರ ಅಳತೆಗೆ ತರುವ ಗ್ರೈಂಡಿಂಗ್ ಮಷೀನ್ ಇದ್ದದ್ದು ಒಂದೇ. ಅದರ ಮುಂದೆ ನಮ್ಮ ಶಾಫ್ಟ್‌ಗಳು ಟ್ರೇ ಮೇಲೆ ಟ್ರೇ ಪೇರಿಸಿಕೊಂಡು ಕಾಯುತ್ತಿದ್ದವು. ಮಾಲೀಕರು ಒಂದನ್ನು ಒರೆಸಿ ನನ್ನ ಕೈಗಿಟ್ಟು, ತುದಿ ತೋರಿಸಿದರು. ‘ಸರ್, ಇಲ್ಲಿ ಏನು ಕೂರುತ್ತೆ? ಡ್ರಾಯಿಂಗ್‌ನಲ್ಲಿ 0.01 ಮಿ.ಮೀ. ಟಾಲರೆನ್ಸ್ ಇದೆ, ಅಳತೆ ಅದಕ್ಕಿಂತ ಹೆಚ್ಚು ಆಚೀಚೆ ಆಗೋ ಹಾಗಿಲ್ಲ. ಅದಕ್ಕೇ ಗ್ರೈಂಡಿಂಗ್ ಮಾಡ್ಬೇಕು.’

ನನಗೆ ಗೊತ್ತಿರಲಿಲ್ಲ. ವಾಪಸ್ ಬಂದು ಡಿಸೈನ್‌ನವರನ್ನು ಕೇಳಿದೆ. ಆ ತುದಿಗೆ ಏನೂ ಕೂರುವುದಿಲ್ಲ! ಹಳೇ ಡ್ರಾಯಿಂಗ್‌ನಿಂದ ಆ ಅಳತೆ ಹಾಗೇ ಇಳಿದು ಬಂದಿತ್ತು. ಟಾಲರೆನ್ಸ್ ಸಡಿಲಿಸಿ 0.1 ಮಾಡಿದರು, ಅಷ್ಟಕ್ಕೆ ಲೇಥೇ ಸಾಕು. ಆ ತುದಿಯ ಗ್ರೈಂಡಿಂಗ್ ತಪ್ಪಿತು, ತಡವೂ ತಪ್ಪಿತು. ಮೊದಲೇ ಯಾಕೆ ಹೇಳಲಿಲ್ಲ ಅಂತ ಮಾಲೀಕರನ್ನು ಕೇಳಿದೆ. ‘ಹೇಳಿದ್ರೆ ಇವರ ಕೈಲಿ ಆಗಲ್ಲ ಅಂತ ಆರ್ಡರ್ ಬೇರೆಯವರಿಗೆ ಕೊಡ್ತೀರಿ ಅಲ್ವಾ?’ ಅಂದರು. ಆ ಭಯ ಹುಟ್ಟಿಸಿದ್ದು ನಾನೇ.

ಇದರಿಂದ ಉಳಿತಾಯವಾದ ಹಣದಲ್ಲಿ ಅರ್ಧ ಅವರಿಗೇ ಸೇರಬೇಕು ಅಂತ ನಮ್ಮ ಫೈನಾನ್ಸ್ ಜೊತೆ ಹಟ ಹಿಡಿದೆ. ಪೂರ್ತಿ ಕಿತ್ತುಕೊಂಡರೆ ಮುಂದಿನ ಸಲ ಯಾರು ಬಾಯಿ ಬಿಡುತ್ತಾರೆ?

ಸಪ್ಲೈಯರ್‌ಗಳ ನಂಬಿಕೆ ಎಷ್ಟು ಕೆಲಸಕ್ಕೆ ಬರುತ್ತೆ ಅನ್ನೋದಕ್ಕೆ ಒಂದು ಉದಾಹರಣೆ ಇದೆ. 1997ರ ಫೆಬ್ರವರಿ 1ರಂದು ಜಪಾನಿನ ಕರಿಯಾದಲ್ಲಿ ಐಸಿನ್ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿತ್ತು. ಟೊಯೋಟಾ ಕಾರುಗಳ ಬ್ರೇಕಿನ ಒಂದು ವಾಲ್ವ್ ಹೆಚ್ಚುಕಡಿಮೆ ಎಲ್ಲವೂ ಅಲ್ಲೇ ತಯಾರಾಗುತ್ತಿತ್ತು. ಕಾರು ಜೋಡಿಸುವ ಲೈನ್‌ಗಳು ನಿಂತವು. ಆಗ ಬೇರೆ ಸಪ್ಲೈಯರ್‌ಗಳು ದುಡ್ಡಿನ ಮಾತು ಆಮೇಲೆ ಅಂತ, ತಮ್ಮ ಮಷೀನ್‌ಗಳಲ್ಲೇ ಆ ವಾಲ್ವ್ ಮಾಡಿಕೊಟ್ಟರು. ಸುಮಾರು ಒಂದು ವಾರದಲ್ಲಿ ಲೈನ್ ಮತ್ತೆ ಓಡಿತು. ಅಂಥ ನಂಬಿಕೆ ಬೆಂಕಿ ಬಿದ್ದ ದಿನ ಹುಟ್ಟುವುದಲ್ಲ.

ಈಗ ಮೂರು ತಿಂಗಳ ಪ್ಲಾನ್ ಮುಂಚೆಯೇ ಕೊಡುತ್ತೇನೆ, ಬದಲಾದರೆ ಅದೇ ದಿನ ಫೋನ್ ಮಾಡುತ್ತೇನೆ. ಬಿಲ್ ಹೇಳಿದ ದಿನಕ್ಕೆ ಪಾಸ್ ಆಗುವಂತೆ ಬೆನ್ನು ಹತ್ತುತ್ತೇನೆ. ಚಿಕ್ಕ ಸಪ್ಲೈಯರ್‌ಗೆ ದರಕ್ಕಿಂತ ಇದೇ ಜಾಸ್ತಿ ಮುಖ್ಯ.

ಹೋದ ವಾರ ಅದೇ ಮಾಲೀಕರ ಫೋನ್ ಬಂತು. ‘ಸರ್, ಹೀಟ್ ಟ್ರೀಟ್‌ಮೆಂಟ್‌ನಲ್ಲಿ ಒಂದು ಬ್ಯಾಚ್ ಕೆಟ್ಟಿದೆ. ಗುರುವಾರ 200 ಪೀಸ್ ಕಡಿಮೆ ಬರುತ್ತೆ.’ ಅವತ್ತಿನ್ನೂ ಸೋಮವಾರ. ಸಂಜೆಯೊಳಗೆ ನಮ್ಮ ಲೈನ್ ಪ್ಲಾನ್ ಬದಲಾಯಿಸಿದೆವು.