ವಾರ ಎಷ್ಟು, ಸಹಿ ಯಾರದು

ಗರ್ಭಪಾತ ಕಾನೂನುಬದ್ಧವಾಗಿರಬೇಕೇ ಬೇಡವೇ ಎಂಬ ಜಗಳ ಕನ್ನಡದಲ್ಲಿ ಜೋರಾಗುವುದು ಅಮೆರಿಕದಲ್ಲಿ ಏನಾದರೂ ಆದಾಗ. 2022ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಗರ್ಭಪಾತವನ್ನು ಹಕ್ಕು ಎಂದಿದ್ದ 1973ರ ತನ್ನದೇ ತೀರ್ಪನ್ನು ಅಳಿಸಿಹಾಕಿದಾಗ, ‘ಸದ್ಯ, ನಮ್ಮಲ್ಲಿ 1971ರಿಂದಲೇ ಈ ಹಕ್ಕಿದೆ’ ಎಂದು ಸಮಾಧಾನಪಟ್ಟವರು ಬಹಳ. ಅದು ಅರ್ಧ ಮಾತ್ರ ಸರಿ. ನಮ್ಮಲ್ಲಿ ಇರುವುದು ಅಪರಾಧಕ್ಕೆ ಒಂದು ವಿನಾಯಿತಿ, ಆ ವಿನಾಯಿತಿಯೂ ವೈದ್ಯರ ಹೆಸರಿನಲ್ಲಿದೆ.

ಭಾರತೀಯ ನ್ಯಾಯ ಸಂಹಿತೆಯ 88ನೇ ಕಲಮು ತೆಗೆದು ನೋಡಿ. ತಾಯಿಯ ಜೀವ ಉಳಿಸುವುದಕ್ಕಲ್ಲದೆ ಗರ್ಭ ತೆಗೆದವರಿಗೆ 3 ವರ್ಷದವರೆಗೆ ಜೈಲು, ಹೊಟ್ಟೆಯಲ್ಲಿ ಮಗು ಮಿಸುಕಾಡಲು ಶುರುವಾಗಿದ್ದರೆ 7 ವರ್ಷದವರೆಗೆ. ತಾನೇ ತೆಗೆದುಕೊಂಡ ಹೆಂಗಸೂ ಈ ಕಲಮಿನೊಳಗೆ ಬರುತ್ತಾಳೆ. ಹಳೆಯ ದಂಡ ಸಂಹಿತೆಯಲ್ಲಿ ಇದೇ 312 ಆಗಿತ್ತು. 2024ರ ಜುಲೈ 1ರಿಂದ ಸಂಖ್ಯೆ ಬದಲಾಯಿತು, ಮಾತು ಬದಲಾಗಲಿಲ್ಲ. ಇದರ ಮೇಲೆ ಕೂತಿರುವುದು ವೈದ್ಯಕೀಯ ಗರ್ಭಪಾತ ಕಾಯ್ದೆ, ಆಸ್ಪತ್ರೆಯ ಬಾಯಲ್ಲಿ ಎಂಟಿಪಿ ಆಕ್ಟ್. ಶಾಂತಿಲಾಲ್ ಶಾ ಸಮಿತಿಯ ವರದಿಯ ಮೇಲೆ 1971ರಲ್ಲಿ ಆಗಿ, 1972ರ ಏಪ್ರಿಲ್ 1ರಿಂದ ಜಾರಿಗೆ ಬಂತು. ನೋಂದಾಯಿತ ವೈದ್ಯರು ಇಂತಿಂಥ ಕಾರಣಕ್ಕೆ, ಇಷ್ಟು ವಾರದೊಳಗೆ, ಇಂಥ ಜಾಗದಲ್ಲಿ ಮಾಡಿದರೆ ಅವರು ಅಪರಾಧಿಯಲ್ಲ ಎನ್ನುವುದು ಅದರ ತಿರುಳು. ‘ನನಗೆ ಬೇಡ’ ಎನ್ನುವುದು ಆ ಕಾರಣಗಳ ಪಟ್ಟಿಯಲ್ಲಿ ಇಲ್ಲ. ಹೆಂಗಸಿನ ಜೀವಕ್ಕೆ ಅಪಾಯ, ದೇಹಕ್ಕೋ ಮನಸ್ಸಿಗೋ ಗಂಭೀರ ಹಾನಿ, ಮಗುವಿಗೆ ಗಂಭೀರ ಅಂಗವೈಕಲ್ಯದ ಸಂಭವ, ಅತ್ಯಾಚಾರ, ಗರ್ಭನಿರೋಧಕ ಕೈಕೊಟ್ಟದ್ದು: ಇಷ್ಟೇ. ಕೊನೆಯ ಎರಡನ್ನು ಕಾಯ್ದೆ ಮನಸ್ಸಿನ ಹಾನಿ ಎಂದು ತಾನೇ ಊಹಿಸಿಕೊಳ್ಳುತ್ತದೆ. ಬೇಡವಾದ ಬಸುರು ‘ಗರ್ಭನಿರೋಧಕ ವಿಫಲ’ ಎಂಬ ಸಾಲಿನ ಮುಂದಿನ ಗುರುತಾಗಿ ಕಾಗದ ಸೇರುವುದು ಹೀಗೆ. 2021ರ ತಿದ್ದುಪಡಿಗೆ ಮೊದಲು ಆ ಸಾಲು ಮದುವೆಯಾದವರಿಗೆ ಮಾತ್ರ ಇತ್ತು. ಈಗ ‘ಗಂಡ’ ಹೋಗಿ ‘ಸಂಗಾತಿ’ ಬಂದಿದೆ.

ಇನ್ನು ವಾರಗಳ ಲೆಕ್ಕ. ಎಲ್ಲ ಎಡವಟ್ಟೂ ಹುಟ್ಟುವುದು ಇಲ್ಲಿಂದ.

ವಾರಗಳನ್ನು ಎಣಿಸುವುದು ಕೂಡಿದ ದಿನದಿಂದಲ್ಲ, ತಿಂಗಳು ತಪ್ಪಿದ ದಿನದಿಂದಲೂ ಅಲ್ಲ. ಕೊನೆಯ ಸಲ ಮುಟ್ಟಾದ ಮೊದಲ ದಿನದಿಂದ. ಮಾರ್ಚ್ 1ಕ್ಕೆ ಮುಟ್ಟಾದವರು, ಚಕ್ರ 28 ದಿನದ್ದು ಎಂದುಕೊಳ್ಳಿ. ಮಾರ್ಚ್ 29ಕ್ಕೆ ಮುಟ್ಟು ಬರಲಿಲ್ಲ. ಆವತ್ತಿಗೇ 4 ವಾರ ಆಗಿಹೋಗಿದೆ. ಇನ್ನೊಂದು ವಾರ ಕಾದು ಏಪ್ರಿಲ್ 5ಕ್ಕೆ ಮನೆಯಲ್ಲಿ ಮೂತ್ರ ಪರೀಕ್ಷೆ ಮಾಡಿ ಎರಡು ಗೆರೆ ಕಂಡರೆ 5 ವಾರ. ಮಾತ್ರೆಯಿಂದ ತೆಗೆಯಲು ನಿಯಮ ಬಿಡುವುದು 9 ವಾರದವರೆಗೆ, ಅಂದರೆ ಮೇ 3. ಒಬ್ಬ ವೈದ್ಯರ ಅಭಿಪ್ರಾಯ ಸಾಕಾಗುವುದು 20 ವಾರದವರೆಗೆ, ಜುಲೈ 19. ಇಬ್ಬರು ವೈದ್ಯರು ಸೇರಿ ಒಪ್ಪಿ, ಹೆಂಗಸು ನಿಯಮ 3ಬಿ ಹೇಳುವ ವರ್ಗಗಳಲ್ಲೊಂದಕ್ಕೆ ಸೇರಿದ್ದರೆ 24 ವಾರ, ಆಗಸ್ಟ್ 16. ‘ಎರಡು ತಿಂಗಳಾಗಿದೆ ಡಾಕ್ಟ್ರೇ’ ಎಂದು ಮುಟ್ಟು ತಪ್ಪಿದ ದಿನದಿಂದ ಎಣಿಸಿಕೊಂಡು ಬಂದವರು ಸ್ಕ್ಯಾನಿಂಗ್‌ನಲ್ಲಿ 12, 13 ವಾರ ಎಂದಾಗ ಬೆಚ್ಚುವುದು ಈ ಕಾರಣಕ್ಕೆ. ಪಿಸಿಒಡಿ ಇದ್ದು ಮುಟ್ಟು ಏರುಪೇರಾಗುವವರಿಗೆ ದಿನಾಂಕ ನೆಚ್ಚುವಂತಿಲ್ಲ, ಸ್ಕ್ಯಾನಿಂಗ್ ಹೇಳಿದ್ದೇ ಲೆಕ್ಕ.

3ಬಿ ಪಟ್ಟಿಯಲ್ಲಿ ಇರುವವರು: ಅತ್ಯಾಚಾರಕ್ಕೋ ರಕ್ತಸಂಬಂಧಿಯ ಲೈಂಗಿಕ ದೌರ್ಜನ್ಯಕ್ಕೋ ಒಳಗಾದವರು, 18 ತುಂಬದವರು, ಬಸುರಿಯಿದ್ದಾಗಲೇ ಗಂಡ ತೀರಿಕೊಂಡವರು ಅಥವಾ ವಿಚ್ಛೇದನ ಆದವರು, ತೀವ್ರ ಅಂಗವಿಕಲರು, ಮಾನಸಿಕ ಅಸ್ವಸ್ಥರು, ಭ್ರೂಣದಲ್ಲಿ ದೋಷ ಕಂಡವರು, ಸರ್ಕಾರ ಘೋಷಿಸಿದ ವಿಪತ್ತಿನಲ್ಲಿ ಸಿಕ್ಕಿಬಿದ್ದವರು. ಮದುವೆಯಾಗದೆ, ಜೊತೆಗಿದ್ದವನು ಕೈಬಿಟ್ಟು ಹೋದವಳು ಇದರಲ್ಲಿ ಎಲ್ಲಿ ಬರುತ್ತಾಳೆ? ಎಲ್ಲೂ ಇಲ್ಲ ಎಂದು ಒಬ್ಬಳಿಗೆ ದೆಹಲಿ ಹೈಕೋರ್ಟ್ ಹೇಳಿತು. ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಅದನ್ನು ಒಪ್ಪಲಿಲ್ಲ. ನ್ಯಾಯಮೂರ್ತಿಗಳಾದ ಚಂದ್ರಚೂಡ್, ಬೋಪಣ್ಣ, ಪಾರ್ದೀವಾಲಾ ಅವರ ಪೀಠ ಮದುವೆಯಾಗದವರನ್ನೂ 24 ವಾರದ ಲೆಕ್ಕಕ್ಕೆ ಸೇರಿಸಿತು. ಈ ಕಾಯ್ದೆಯ ಮಟ್ಟಿಗೆ ಗಂಡನ ಬಲಾತ್ಕಾರವೂ ಅತ್ಯಾಚಾರವೇ ಎಂದಿತು. ಗಂಡನ ಮೇಲೆ ದೂರು ಕೊಟ್ಟಿರಬೇಕು ಎಂದೇನಿಲ್ಲ.

2021ಕ್ಕೆ ಮೊದಲಿದ್ದ 20 ವಾರದ ಗಡಿ ಯಾಕೆ ಮುರಿಯಿತು ಎನ್ನುವುದಕ್ಕೆ ಸ್ಕ್ಯಾನಿಂಗ್ ಕೋಣೆಯ ವೇಳಾಪಟ್ಟಿ ಸಾಕು. ಮಗುವಿನ ಅಂಗಾಂಗ ನೋಡುವ ಅನಾಮಲಿ ಸ್ಕ್ಯಾನ್ ಮಾಡುವುದೇ 18ರಿಂದ 20 ವಾರದ ನಡುವೆ. ಹೃದಯದಲ್ಲಿ ದೋಷ ಕಂಡರೆ ಮತ್ತೆ ಫೀಟಲ್ ಎಕೋ ಎಂಬ ಭ್ರೂಣದ ಹೃದಯದ ಸ್ಕ್ಯಾನ್, ಬೇಕಾದರೆ ಗರ್ಭದ ನೀರು ತೆಗೆದು ಪರೀಕ್ಷೆ, ಅದರ ವರದಿಗೆ ಎರಡು ಮೂರು ವಾರ. ಅಷ್ಟರಲ್ಲಿ ಗಡಿ ದಾಟಿರುತ್ತದೆ. 2008ರಲ್ಲಿ ಮುಂಬಯಿಯ ದಂಪತಿ ಮಗುವಿನ ಹೃದಯದ ತೊಂದರೆಗಾಗಿ ಹೈಕೋರ್ಟ್‌ಗೆ ಹೋಗಿ ಬರಿಗೈಲಿ ಬಂದದ್ದು ಇಂಥದ್ದೇ ಇಕ್ಕಟ್ಟಿನಲ್ಲಿ. ಈಗ ಭ್ರೂಣದ ಗಂಭೀರ ದೋಷಕ್ಕೆ ವಾರದ ಮಿತಿಯೇ ಇಲ್ಲ. 24 ದಾಟಿದರೆ ಮೆಡಿಕಲ್ ಬೋರ್ಡ್ ನೋಡಬೇಕು, ಸ್ತ್ರೀರೋಗ ತಜ್ಞರು, ಮಕ್ಕಳ ತಜ್ಞರು, ರೇಡಿಯಾಲಜಿಸ್ಟ್ ಅದರಲ್ಲಿರಬೇಕು. ಅರ್ಜಿ ತಲುಪಿದ 3 ದಿನದೊಳಗೆ ಅಭಿಪ್ರಾಯ, ಒಪ್ಪಿದರೆ 5 ದಿನದೊಳಗೆ ಪ್ರಕ್ರಿಯೆ. ಈ 3 ಮತ್ತು 5 ನಿಯಮದಲ್ಲೇ ಬರೆದ ಸಂಖ್ಯೆಗಳು. ಅರ್ಜಿ ಕೊಟ್ಟ ದಿನಾಂಕ, ವೇಳೆ ಹಾಕಿಸಿ ಸ್ವೀಕೃತಿ ಇಟ್ಟುಕೊಳ್ಳಿ.

ಮಾತ್ರೆಯ ವಿಷಯಕ್ಕೆ ಬರೋಣ, ಯಾಕೆಂದರೆ ದೇಶದಲ್ಲಿ ಹೆಚ್ಚು ನಡೆಯುವುದು ಅದೇ. ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯ ಅಂದಾಜಿನಂತೆ 2015ರಲ್ಲಿ ಭಾರತದಲ್ಲಿ ಆದ ಗರ್ಭಪಾತ ಸುಮಾರು 1.56 ಕೋಟಿ, ಅದರಲ್ಲಿ ನೂರಕ್ಕೆ 73 ಆಸ್ಪತ್ರೆಯ ಹೊರಗೆ, ಮಾತ್ರೆಯಿಂದ. ಕಾನೂನು ಇರಬೇಕೇ ಬೇಡವೇ ಎಂದು ವಾದಿಸುವವರು ಈ ಸಂಖ್ಯೆಯ ಮುಂದೆ ಸ್ವಲ್ಪ ಹೊತ್ತು ಕೂರಬೇಕು.

ಕಿಟ್ ಎಂದು ಅಂಗಡಿಯಲ್ಲಿ ಕೇಳುವ ಪೊಟ್ಟಣದಲ್ಲಿ ಐದು ಮಾತ್ರೆ. ಒಂದು ಮಿಫೆಪ್ರಿಸ್ಟೋನ್, 200 ಮಿಲಿಗ್ರಾಂ. ಉಳಿದ ನಾಲ್ಕು ಮಿಸೊಪ್ರೊಸ್ಟಾಲ್, ತಲಾ 200 ಮೈಕ್ರೊಗ್ರಾಂ. ಮೊದಲನೆಯದು ಗರ್ಭವನ್ನು ಹಿಡಿದಿಡುವ ಪ್ರೊಜೆಸ್ಟರಾನ್ ಕೆಲಸವನ್ನು ತಡೆಯುತ್ತದೆ. ಅದಕ್ಕೆ 24ರಿಂದ 48 ಗಂಟೆ ಸಮಯ ಬೇಕು. ನಂತರದ ನಾಲ್ಕು ಗರ್ಭಕೋಶವನ್ನು ಹಿಂಡಿ ಹೊರಹಾಕಿಸುತ್ತವೆ. ತಪ್ಪಾಗುವುದು ಎಲ್ಲಿ? ‘ಬೇಗ ಆಗಲಿ’ ಎಂದು ಐದನ್ನೂ ಒಟ್ಟಿಗೆ ನುಂಗುವುದು ಒಂದು. ಆಗ ಮೊದಲ ಮಾತ್ರೆಗೆ ಕೆಲಸ ಮಾಡಲು ಸಮಯವೇ ಸಿಗುವುದಿಲ್ಲ, ಅರ್ಧ ಹೋಗಿ ಅರ್ಧ ಉಳಿಯುವ ಸಂಭವ ಹೆಚ್ಚು. ವಾರ ಎಷ್ಟೆಂದು ನೋಡದೆ 12, 14 ವಾರಕ್ಕೆ ನುಂಗುವುದು ಇನ್ನೊಂದು. ಎಲ್ಲಕ್ಕಿಂತ ಕೆಟ್ಟದ್ದು, ಗರ್ಭವು ಗರ್ಭಕೋಶದ ಬದಲು ಅಂಡನಾಳದಲ್ಲಿ ಕೂತಿರುವಾಗ ತೆಗೆದುಕೊಳ್ಳುವುದು. ನಾಳದ ಗರ್ಭಕ್ಕೆ ಈ ಮಾತ್ರೆ ನಾಟುವುದಿಲ್ಲ. ಸ್ವಲ್ಪ ರಕ್ತ ಹೋದದ್ದನ್ನು ನೋಡಿ ‘ಆಯಿತು’ ಎಂದುಕೊಂಡಿರುತ್ತಾರೆ, ಒಳಗೆ ನಾಳ ಒಡೆಯುತ್ತದೆ. ಒಂದು ಕಡೆ ಕಿಬ್ಬೊಟ್ಟೆಯಲ್ಲಿ ಇರಿದಂತೆ ನೋವು, ತಲೆಸುತ್ತು, ಭುಜದ ತುದಿಯಲ್ಲಿ ನೋವು ಬಂದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ. ಕಾಪರ್‌ ಟಿ ಒಳಗಿರುವವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವವರು, ಬಹಳ ದಿನದಿಂದ ಸ್ಟೀರಾಯ್ಡ್ ಮೇಲಿರುವವರು, ಹಿಮೋಗ್ಲೋಬಿನ್ 8ಕ್ಕಿಂತ ಕೆಳಗಿರುವವರು ಮೊದಲೇ ವೈದ್ಯರಿಗೆ ಹೇಳಬೇಕು.

ಮಿಸೊಪ್ರೊಸ್ಟಾಲ್ ಆದ ಕೆಲವು ಗಂಟೆಗಳಲ್ಲಿ ಮುಟ್ಟಿಗಿಂತ ಜಾಸ್ತಿ ರಕ್ತ, ಗಡ್ಡೆ, ಹಿಂಡುವ ನೋವು, ಚಳಿ, ಒಂದೆರಡು ಸಲ ಭೇದಿ: ಇವೆಲ್ಲ ಇರುವುದೇ. ದಪ್ಪ ಪ್ಯಾಡು ಗಂಟೆಗೆ ಎರಡರಂತೆ ಸತತ ಎರಡು ಗಂಟೆ ತೊಯ್ದರೆ ಅದು ಆಸ್ಪತ್ರೆಯ ರಕ್ತ. ಮರುದಿನವೂ 100.4 ಡಿಗ್ರಿ ಜ್ವರ ಇಳಿಯದಿದ್ದರೆ, ವಾಸನೆಯ ಸ್ರಾವವಿದ್ದರೆ ಸೋಂಕು. ಇಷ್ಟಾಗಿಯೂ ರಕ್ತವೇ ಬರದಿದ್ದರೆ ಅದೂ ಒಳ್ಳೆಯ ಸುದ್ದಿಯಲ್ಲ. 15ನೇ ದಿನದ ತಪಾಸಣೆ ತಪ್ಪಿಸಬೇಡಿ. ನೂರಕ್ಕೆ ಎರಡರಿಂದ ಐದು ಮಂದಿಗೆ ಒಳಗೆ ಉಳಿದದ್ದನ್ನು ತೆಗೆಸಬೇಕಾಗುತ್ತದೆ. ಮೂತ್ರ ಪರೀಕ್ಷೆಯನ್ನು ನಂಬಿ ಕೂರಬೇಡಿ, ಪೂರ್ತಿ ಆದ ಮೇಲೂ ಮೂರು ನಾಲ್ಕು ವಾರ ಎರಡು ಗೆರೆ ತೋರಿಸಬಹುದು. ಉಳಿದದ್ದನ್ನು ತೆಗೆಯಲು ಈಗಲೂ ಕೆಲವೆಡೆ ‘ಕ್ಲೀನ್ ಮಾಡ್ತೀವಿ’ ಎಂದು ಕೆರೆಯುವ ಡಿ ಅಂಡ್ ಸಿ ಮಾಡುತ್ತಾರೆ. 60 ಮಿಲಿಲೀಟರಿನ ಸಿರಿಂಜಿನಂಥ ಕೈಪಂಪಿನಿಂದ ಎಳೆದು ತೆಗೆಯುವ ಎಂವಿಎ ಇರುವಾಗ, 12 ವಾರದೊಳಗೆ ಕೆರೆಯುವ ಅಗತ್ಯವಿಲ್ಲ. ಎಂವಿಎ ಹತ್ತು ನಿಮಿಷದ ಕೆಲಸ, ಗರ್ಭಕೋಶಕ್ಕೆ ಪೆಟ್ಟು ಕಡಿಮೆ.

ಅಂಗಡಿಗಳಲ್ಲಿ ಕಿಟ್ ಕೇಳಿದರೆ ‘ಇಡೋದಿಲ್ಲ’ ಎನ್ನುವುದು ಹೆಣ್ಣು ಭ್ರೂಣಹತ್ಯೆಯ ಕೇಸಿನ ಭಯಕ್ಕೆ. 2023ರ ಕೊನೆಯಲ್ಲಿ ಮಂಡ್ಯದ ಕಡೆ ಆಲೆಮನೆಯೊಳಗೆ ಸ್ಕ್ಯಾನಿಂಗ್ ಯಂತ್ರ ಇಟ್ಟು ಹೆಣ್ಣೋ ಗಂಡೋ ಹೇಳುತ್ತಿದ್ದ ಜಾಲವನ್ನು ಪೊಲೀಸರು ಹಿಡಿದ ಮೇಲೆ ಆ ಭಯ ಇನ್ನೂ ಹೆಚ್ಚಾದರೆ ಆಶ್ಚರ್ಯವಿಲ್ಲ. ಆದರೆ ಲೆಕ್ಕ ನೋಡಿ: ಕಿಟ್‌ನ ಗಡಿ 9 ವಾರ, ಸ್ಕ್ಯಾನಿಂಗ್‌ನಲ್ಲಿ ಲಿಂಗ ಕಾಣುವುದು 12, 13 ವಾರ ದಾಟಿದ ಮೇಲೆ. ಲಿಂಗ ಪತ್ತೆಯನ್ನು ತಡೆಯಲು 1994ರ ಬೇರೆಯೇ ಕಾಯ್ದೆ ಇದೆ, ಪ್ರತಿ ಸ್ಕ್ಯಾನಿಂಗ್‌ಗೂ ತುಂಬಬೇಕಾದ ಫಾರ್ಮ್ ಎಫ್ ಎಂಬ ದಾಖಲೆ ಇದೆ. ಅದನ್ನು ಬಿಗಿ ಮಾಡುವ ಬದಲು ಕಿಟ್ ಬಚ್ಚಿಟ್ಟರೆ, 6 ವಾರಕ್ಕೆ ಮುಗಿಯಬೇಕಾದದ್ದು 14 ವಾರಕ್ಕೆ ಹೋಗುತ್ತದೆ.

ಸಹಿಯ ಗೋಳೂ ಹೀಗೆಯೇ ವಾರಗಳನ್ನು ನುಂಗುತ್ತದೆ. 18 ತುಂಬಿದ ಹೆಂಗಸಿನ ಒಪ್ಪಿಗೆ ಸಾಕು. ಅದಕ್ಕಿರುವುದು ಫಾರ್ಮ್ ಸಿ, ಅದರಲ್ಲಿ ಗಂಡನ ಸಹಿಗೆ ಜಾಗವೇ ಇಲ್ಲ. ಆಸ್ಪತ್ರೆಗಳು ಮುಂದೆ ಚಾಚುವುದು ಬಹಳ ಸಲ ತಮ್ಮ ಸಾಮಾನ್ಯ ಆಪರೇಷನ್ ಫಾರ್ಮನ್ನು, ಅದರ ಕೆಳಗೆ ‘ಸಂಬಂಧಿಕರ ಸಹಿ’ ಎಂಬ ಗೆರೆ ಇರುತ್ತದೆ. ‘ನಿಮ್ಮ ಯಜಮಾನ್ರನ್ನ ಕರ್ಕೊಂಡು ಬನ್ನಿ’ ಎಂಬ ಮಾತು ಹುಟ್ಟುವುದು ಆ ಗೆರೆಯಿಂದ. ‘ಫಾರ್ಮ್ ಸಿ ಕೊಡಿ ಮೇಡಂ’ ಎಂದು ಹೆಸರು ಹಿಡಿದು ಕೇಳಿದರೆ ಅರ್ಧ ಜಗಳ ಮುಗಿಯುತ್ತದೆ. ಮದುವೆಯ ದಾಖಲೆ, ಅತ್ಯಾಚಾರವಾಗಿದ್ದರೆ ಎಫ್‌ಐಆರ್ ಪ್ರತಿ, 24 ವಾರದೊಳಗೆ ಕೋರ್ಟ್ ಆದೇಶ, ಇವ್ಯಾವುದನ್ನೂ ಕಾಯ್ದೆ ಕೇಳುವುದಿಲ್ಲ. ಹೆಂಗಸಿನ ಹೆಸರು ಹೊರಗೆ ಬಿಟ್ಟ ವೈದ್ಯರಿಗೆ 5ಎ ಕಲಮಿನಲ್ಲಿ ಒಂದು ವರ್ಷದವರೆಗೆ ಜೈಲಿದೆ.

18 ತುಂಬದ ಹುಡುಗಿಯಾದರೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಪೋಷಕರೆಂದರೆ ಕಾಯ್ದೆಯ ಪ್ರಕಾರ ಅವಳನ್ನು ನೋಡಿಕೊಳ್ಳುತ್ತಿರುವವರು, ಅಪ್ಪನೇ ಬರಬೇಕೆಂದಿಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆ ಪ್ರಕಾರ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು, ಆದರೆ ಹುಡುಗಿಯೂ ಪೋಷಕರೂ ಕೇಳಿಕೊಂಡರೆ ಹೆಸರು ಹೇಳಬೇಕಿಲ್ಲ ಎಂದು 2022ರ ಅದೇ ತೀರ್ಪು ಹೇಳಿದೆ. ದೂರು ದಾಖಲಾಗಿರುವ ಪ್ರಕರಣಗಳಲ್ಲಿ ಇನ್ನೊಂದು ಸಣ್ಣ ತಪ್ಪಿನಿಂದ ಕೇಸೇ ಸಡಿಲವಾಗುತ್ತದೆ: ತೆಗೆದ ಅಂಗಾಂಶವನ್ನು ಅಭ್ಯಾಸಬಲದಿಂದ ಫಾರ್ಮಲಿನ್ ಬಾಟಲಿಗೆ ಹಾಕುವುದು. ಫಾರ್ಮಲಿನ್, ಆರೋಪಿ ಯಾರೆಂದು ತೋರಿಸಬೇಕಾದ ಡಿಎನ್‌ಎಯನ್ನು ಕೆಡಿಸುತ್ತದೆ. ನಾರ್ಮಲ್ ಸಲೈನ್‌ನಲ್ಲಿ ಹಾಕಿ, ತಣ್ಣಗಿಟ್ಟು, ಸೀಲು ಮಾಡಿ ಕೊಡಬೇಕು.

ಬೆಳಗಾವಿಯ ಸವಿತಾ ಹಾಲಪ್ಪನವರ್ ಹೆಸರನ್ನು ಇಲ್ಲಿ ತರದೆ ಇರಲಾಗದು. ದಂತವೈದ್ಯೆ, 31 ವರ್ಷ, 17 ವಾರದ ಬಸುರಿ. 2012ರ ಅಕ್ಟೋಬರ್ 21ರಂದು ಐರ್ಲೆಂಡಿನ ಗಾಲ್ವೇಯಲ್ಲಿ ಆಸ್ಪತ್ರೆ ಸೇರಿದಾಗ ಗರ್ಭ ಉಳಿಯುವುದಿಲ್ಲ ಎಂಬುದು ಖಚಿತವಾಗಿತ್ತು. ಭ್ರೂಣದ ಎದೆಬಡಿತ ಇನ್ನೂ ಇದೆ ಎಂದು ತೆಗೆಯಲಿಲ್ಲ. ನಂಜು ಮೈಗೇರಿ 28ರಂದು ತೀರಿಕೊಂಡರು. ನಂಜಿನ ಲಕ್ಷಣಗಳನ್ನು ಗಮನಿಸಲಿಲ್ಲ ಎಂದು ತನಿಖೆಗಳು ಹೇಳಿದವು, ಕಾನೂನಿನ ಅಸ್ಪಷ್ಟತೆಯೂ ಚರ್ಚೆಗೆ ಬಂತು. 2018ರ ಮೇ 25ರ ಜನಮತದಲ್ಲಿ ನೂರಕ್ಕೆ 66.4 ಮಂದಿ ಗರ್ಭಪಾತಕ್ಕೆ ಅಡ್ಡವಾಗಿದ್ದ ಅಲ್ಲಿನ ಸಂವಿಧಾನದ ವಿಧಿಯನ್ನು ಕಿತ್ತುಹಾಕಿದರು. ನಮ್ಮ ಕಾಯ್ದೆಯ 5ನೇ ಕಲಮು ಇಂಥ ಹೊತ್ತಿಗೇ ಇರುವುದು: ತಾಯಿಯ ಜೀವ ಉಳಿಸಲು ತಕ್ಷಣ ಬೇಕಾದರೆ ವಾರದ ಮಿತಿಯಿಲ್ಲ, ಎರಡನೇ ವೈದ್ಯರ ಅಭಿಪ್ರಾಯವೂ ಬೇಡ.

ಹಾಗಂತ ಎದುರು ಪಕ್ಷದ ವಾದ ಬರೀ ಮಡಿವಂತಿಕೆ ಅಲ್ಲ. 24 ವಾರ ದಾಟಿದ ಮೇಲೆ ಹೊರತೆಗೆದರೆ ಮಗು ಉಸಿರಾಡಬಹುದು. ಅದಾಗದಿರಲು ಮೊದಲೇ ಹೃದಯ ನಿಲ್ಲಿಸುವ ಚುಚ್ಚುಮದ್ದು ಕೊಡಬೇಕು. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದದ್ದು ಇದೇ ಪ್ರಶ್ನೆ. ಎರಡು ಮಕ್ಕಳ ತಾಯಿ, ಬಾಣಂತನದ ಖಿನ್ನತೆ, 26 ವಾರ. ಮೊದಲು ಒಪ್ಪಿದ್ದ ಪೀಠ ಏಮ್ಸ್ ವೈದ್ಯರ ಪತ್ರ ಬಂದ ಮೇಲೆ ಒಡೆಯಿತು: ನ್ಯಾಯಮೂರ್ತಿ ಹಿಮಾ ಕೊಹ್ಲಿ ಕೊಟ್ಟ ಅನುಮತಿಯಿಂದ ಹಿಂದೆ ಸರಿದರು, ನ್ಯಾಯಮೂರ್ತಿ ಬಿ.ವಿ. ನಾಗರತ್ನ ಆ ಹೆಂಗಸಿನ ತೀರ್ಮಾನವನ್ನು ಗೌರವಿಸಬೇಕು ಎಂದರು. ಅಕ್ಟೋಬರ್ 16ರಂದು ಮೂವರ ಪೀಠ ಅನುಮತಿ ನಿರಾಕರಿಸಿತು. ನನ್ನ ಮನಸ್ಸು ನಾಗರತ್ನ ಅವರ ಕಡೆಗೆ, ಆದರೆ ಆ ಚುಚ್ಚುಮದ್ದು ಹಿಡಿಯಬೇಕಾದ ವೈದ್ಯರ ಕೈ ನಡುಗಿದರೆ ಅವರನ್ನು ದೂರಲಾರೆ.

ಆ ತಾಯಿಗೆ ಅಷ್ಟು ತಡವಾಗಿ ಗೊತ್ತಾಗಿದ್ದೇಕೆ? ಹಾಲೂಡಿಸುತ್ತಿದ್ದರು, ಮುಟ್ಟೇ ಬಂದಿರಲಿಲ್ಲ. ಹಾಲೂಡಿಸುವಾಗ ಬಸುರಾಗುವುದಿಲ್ಲ ಎಂಬ ಮಾತು ನಿಜವಾಗಲು ಮೂರೂ ಕೂಡಿ ಬರಬೇಕು: ಮಗುವಿಗೆ 6 ತಿಂಗಳು ತುಂಬಿರಬಾರದು, ಹಗಲೂ ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಕೊಟ್ಟಿರಬಾರದು, ಮುಟ್ಟು ಮರಳಿರಬಾರದು. ರಾಗಿ ಸರಿ ಶುರುವಾದ ದಿನವೇ ಆ ಭರವಸೆ ಮುಗಿಯಿತು. ಅಲ್ಲಿಂದ ಮುಂದೆ ಕಾಪರ್‌ ಟಿಯೋ ಕಾಂಡೋಮೋ ಏನಾದರೊಂದು ಇರಲಿ. ಅನುಮಾನ ಬಂದರೆ ಮುಟ್ಟಿಗೆ ಕಾಯದೆ ಪರೀಕ್ಷೆ ಮಾಡಿಕೊಳ್ಳಿ.